ಕಾಲೇಜು ಮಕ್ಕಳ ಆರೋಗ್ಯ ಶಿಬಿರ: ಊರಿಗೆ ಉಪಯೋಗ ಆಯಿತೇ ಅಂತ ಹೇಗೆ ನೋಡಬೇಕು?



ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ಹಳ್ಳಿಗಳಿಗೆ ಕಾಲೇಜು ವಿದ್ಯಾರ್ಥಿಗಳ ಶಿಬಿರ ಹೊಸದಲ್ಲ. ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್.ಎಸ್.ಎಸ್., 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಶುರುವಾಯಿತು. ಅದರ ವಿಶೇಷ ಶಿಬಿರ ಏಳು ದಿನದ್ದು. ಮುಂಜಾನೆ ಪ್ರಭಾತಫೇರಿ, ಆಮೇಲೆ ಗಟಾರ ಸ್ವಚ್ಛ ಮಾಡುವುದು, ಮಧ್ಯಾಹ್ನ ಮನೆ ಭೇಟಿ, ಸಂಜೆ ಬೀದಿ ನಾಟಕ. ಸಮಾರೋಪದ ದಿನ ಸಂಘದ ಪ್ರತಿನಿಧಿಯನ್ನು ವೇದಿಕೆಗೆ ಕರೆದು, "ಶಿಬಿರ ಹ್ಯಾಂಗಾತ್ರಿ?" ಅಂತ ಕೇಳುತ್ತಾರೆ. "ಭಾಳ ಚಲೋ ಆತ್ರಿ" ಅಂತ ನಾವು ಹೇಳುತ್ತೇವೆ. ಬಿಸಿಲಾಗ ದುಡಿದ ಮಕ್ಕಳಿಗೆ ಆ ಮಾತು ಸಲ್ಲಬೇಕಾದದ್ದೇ. ಆದರೆ ಚಲೋ ಆಯಿತು ಅನ್ನುವುದು ಬೇರೆ, ಉಪಯೋಗ ಆಯಿತು ಅನ್ನುವುದು ಬೇರೆ.

ಈ ವ್ಯತ್ಯಾಸ ಯಾಕೆ ಮುಖ್ಯ? ರಕ್ತಹೀನತೆಯನ್ನೇ ತೆಗೆದುಕೊಳ್ಳಿರಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 44.8 ಮಂದಿಗೆ ರಕ್ತ ಕಡಿಮೆ ಇತ್ತು. 2019-21ರ ಸಮೀಕ್ಷೆಯಲ್ಲಿ ಅದು ಶೇ. 47.8 ಆಯಿತು. ಭಾಷಣ, ಭಿತ್ತಿಪತ್ರ, ಗುಳಿಗೆ ಎಲ್ಲಾ ಇದ್ದೂ ಸಂಖ್ಯೆ ಇಳಿಯಲಿಲ್ಲ, ಏರಿತು. ರಕ್ತ ಕಡಿಮೆ ಇರುವ ತಾಯಿಗೆ ಹೆರಿಗೆಯಲ್ಲಿ ರಕ್ತಸ್ರಾವ ಆದರೆ ಜೀವಕ್ಕೇ ಕುತ್ತು. ಆದ್ದರಿಂದ ಲೆಕ್ಕ ಕೇಳುವುದು ಮಕ್ಕಳ ತಪ್ಪು ಹುಡುಕುವುದಕ್ಕಲ್ಲ, ನಮ್ಮ ಜೀವದ ಸಲುವಾಗಿ.

ಮೂರು ಮೆಟ್ಟಿಲು

ಯಾವ ಶಿಬಿರವನ್ನಾದರೂ ಮೂರು ಮೆಟ್ಟಿಲಿನಲ್ಲಿ ನೋಡಬಹುದು. ಮೊದಲನೆಯದು, ಏನು ಮಾಡಿದರು: ಎಷ್ಟು ಮನೆಗೆ ಹೋದರು, ಎಷ್ಟು ನಾಟಕ ಆಡಿದರು. ಎರಡನೆಯದು, ಜನರಿಗೆ ಏನು ತಿಳಿಯಿತು. ಮೂರನೆಯದು, ಮನೆಯಲ್ಲಿ ಏನು ಬದಲಾಯಿತು. ಹೆಚ್ಚಿನ ವರದಿಗಳು ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತವೆ. "300 ಜನ ಭಾಗವಹಿಸಿದರು" ಅಂತ ಬರೆದರೆ ಜಾತ್ರೆಗೆ ಎಷ್ಟು ಜನ ಬಂದಿದ್ದರು ಅಂತ ಹೇಳಿದ ಹಾಗೆ. ನಮಗೆ ಬೇಕಾದದ್ದು ಮೂರನೆಯ ಮೆಟ್ಟಿಲು. ಅದನ್ನು ಅಳೆಯುವುದು ಹೀಗೆ:

1. ಶಿಬಿರಕ್ಕಿಂತ ಮೊದಲೇ ಎಣಿಸಿರಿ. ಸಾಲ ಕೊಡುವ ಮೊದಲು ಉಳಿತಾಯ ಎಷ್ಟಿದೆ ಅಂತ ಪುಸ್ತಕ ತೆಗೆದು ನೋಡುತ್ತೇವಲ್ಲ, ಹಾಗೆ. ಮೊದಲಿನ ಸ್ಥಿತಿ ಬರೆದಿಡದಿದ್ದರೆ ಬದಲಾವಣೆ ಆಯಿತೋ ಇಲ್ಲವೋ ಯಾರೂ ಹೇಳಲಾರರು. ಎರಡೂ ಸಲ ಅವೇ ಮನೆ, ಅವೇ ಪ್ರಶ್ನೆ ಇರಲಿ.

2. ಕೇಳಿ ಬಿಡಬೇಡ್ರಿ, ಕಣ್ಣಾರೆ ನೋಡ್ರಿ. "ಗುಳಿಗೆ ನುಂಗ್ತೀರೇನ್ರಿ?" ಅಂದರೆ ಎಲ್ಲರೂ "ಹೂಂ" ಅನ್ನುತ್ತಾರೆ. "ಗುಳಿಗೆ ಚೀಟಿ ತೋರಿಸ್ರಿ" ಅಂತ ಕೇಳಿ, ಖಾಲಿಯಾದ ಗುಳಿಗೆ ಎಣಿಸಿರಿ. ಗರ್ಭಿಣಿಗೆ ದಿನಕ್ಕೊಂದರಂತೆ 180 ಕೆಂಪು ಗುಳಿಗೆ, ಹರೆಯದ ಹುಡುಗಿಯರಿಗೆ ವಾರಕ್ಕೊಂದು ನೀಲಿ ಗುಳಿಗೆ. ಮೂರು ತಿಂಗಳಲ್ಲಿ ಹುಡುಗಿ 13 ಗುಳಿಗೆ ನುಂಗಿರಬೇಕು. ಕೈ ತೊಳೆಯುವ ವಿಷಯವಾದರೆ ನೀರಿನ ಹತ್ತಿರ ಸಾಬೂನು ಇದೆಯೇ, ಹಸಿಯಾಗಿದೆಯೇ ನೋಡಿರಿ.

3. ಮರಳಿ ಬಂದು ನೋಡಬೇಕು. ಸಮಾರೋಪದ ದಿನ ಎಲ್ಲರಿಗೂ ಹುರುಪು ಇರುತ್ತದೆ. ಆರು ವಾರಕ್ಕೆ ಒಮ್ಮೆ, ಆರು ತಿಂಗಳಿಗೆ ಒಮ್ಮೆ ಎಣಿಸಿದರೆ ನಿಜ ಗೊತ್ತಾಗುತ್ತದೆ.

4. ಶಿಬಿರ ನಡೆಯದ ಪಕ್ಕದ ಊರನ್ನೂ ಎಣಿಸಿರಿ. ಒಂದು ಲೆಕ್ಕ ಊಹಿಸಿರಿ. ನಮ್ಮೂರಿನ 40 ಮನೆಯಲ್ಲಿ ಗುಳಿಗೆ ಸರಿಯಾಗಿ ನುಂಗುವವರು ಶಿಬಿರಕ್ಕೆ ಮೊದಲು 10 ಮನೆ, ಆಮೇಲೆ 22 ಮನೆ. 12 ಮನೆ ಹೆಚ್ಚಾಯಿತು ಅಂತ ಸಂತೋಷ. ಆದರೆ ಪಕ್ಕದ ಊರಿನ 40 ಮನೆಯಲ್ಲಿ ಶಿಬಿರ ಇಲ್ಲದೆಯೇ 9 ಇದ್ದದ್ದು 18 ಆಗಿದೆ. ಯಾಕೆಂದರೆ ಆ ತಿಂಗಳು ಎರಡೂ ಊರಿನ ಆಶಾ ಕಾರ್ಯಕರ್ತೆಯರಿಗೆ ಗುಳಿಗೆ ಬಂದಿತ್ತು. ಹಾಗಾದರೆ ಶಿಬಿರದಿಂದ ಆದ ಹೆಚ್ಚಳ 12 ಅಲ್ಲ, ಸುಮಾರು 3 ಮನೆ.

5. ಯಾರು ಬರಲಿಲ್ಲ ಅಂತ ಕೇಳಿರಿ. ಕೂಲಿಗೆ ಹೋದವರು, ಊರ ಹೊರಗಿನ ಕೇರಿಯವರು, ಬಾಣಂತಿಯರು, ಮನೆ ಬಿಟ್ಟು ಬರಲಾಗದ ಸೊಸೆಯಂದಿರು. ರಕ್ತ ಕಡಿಮೆ ಇರುವವರು ಇವರಲ್ಲೇ ಇರಬಹುದು.

ಚಿತ್ತೂರಿನ ಹಳ್ಳಿಗಳಲ್ಲಿ ಎಣಿಸಿದ್ದು

ಇದೆಲ್ಲ ಹಳ್ಳಿಯಲ್ಲಿ ಆಗುವ ಮಾತೇ ಅಂತ ಅನ್ನಿಸಬಹುದು. 2011ರಲ್ಲಿ ನಮ್ಮ ಗಡಿಗೆ ಹೊಂದಿದ ಆಂಧ್ರದ ಚಿತ್ತೂರು ಜಿಲ್ಲೆಯ 14 ಹಳ್ಳಿಗಳಲ್ಲಿ 'ಸೂಪರ್ ಅಮ್ಮ' ಎಂಬ ಕೈ ತೊಳೆಯುವ ಪ್ರಚಾರ ಪರೀಕ್ಷಿಸಿದರು. ಅದನ್ನು ವಿದ್ಯಾರ್ಥಿಗಳು ನಡೆಸಲಿಲ್ಲ, ಆದರೆ ಅಳತೆಯ ಪಾಠ ನಮಗೂ ಒಂದೇ. ರೋಗಾಣುವಿನ ಭಾಷಣ ಬಿಟ್ಟು, ಮಗುವನ್ನು ಚಂದ ಬೆಳೆಸುವ ತಾಯಿಯ ಕಥೆ ಮತ್ತು ಹೊಲಸಿನ ಹೇಸಿಕೆ, ಇವುಗಳಿಂದ ಮನಸ್ಸು ಮುಟ್ಟಿದರು. ಏಳು ಹಳ್ಳಿಗೆ ಮೊದಲು ಪ್ರಚಾರ, ಉಳಿದ ಏಳಕ್ಕೆ ಆಮೇಲೆ. ಮನೆಯಲ್ಲಿ ಕುಳಿತು ಕಣ್ಣಾರೆ ನೋಡಿ ಎಣಿಸಿದರು. ಸಾಬೂನು ಹಚ್ಚಬೇಕಾದ 100 ಹೊತ್ತಿನಲ್ಲಿ ಮೊದಲು ಹಚ್ಚಿದ್ದು ಒಂದೆರಡು ಸಲ ಮಾತ್ರ. ಆರು ವಾರದ ಮೇಲೆ ಪ್ರಚಾರ ಆದ ಊರುಗಳಲ್ಲಿ 19, ಆಗದ ಊರುಗಳಲ್ಲಿ 4. ಆರು ತಿಂಗಳಿಗೆ 37 ಮತ್ತು 6. ಒಂದು ವರ್ಷಕ್ಕೆ ಮೊದಲ ಏಳು ಊರುಗಳಲ್ಲಿ 29ಕ್ಕೆ ಇಳಿದಿತ್ತು. ಪ್ರಚಾರದಿಂದ ಉಪಯೋಗ ಆಗುತ್ತದೆ, ಆದರೆ ನೆನಪು ಮಾಡುತ್ತಾ ಇರದಿದ್ದರೆ ಇಳಿಯುತ್ತದೆ. ಆ ನೆನಪು ಮಾಡುವ ಕೆಲಸ ವಾರ ವಾರ ಸೇರುವ ಸಂಘಕ್ಕಿಂತ ಚೆನ್ನಾಗಿ ಯಾರು ಮಾಡಿಯಾರು?

ಲೆಕ್ಕ ಕಡಿಮೆ ಬಂದರೆ

ಕಡಿಮೆ ಬಂದರೆ ಮಕ್ಕಳನ್ನು ಬೈಯುವುದಲ್ಲ, ಎಲ್ಲಿ ತಡೆಯಿತು ಅಂತ ಹುಡುಕುವುದು. ಉಪಕೇಂದ್ರದಲ್ಲಿ ಗುಳಿಗೆಯೇ ಇರಲಿಲ್ಲವೇ? ಎಂಟು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಕೈ ತೊಳೆಯಿರಿ ಅಂದರೆ ಸಾಕೇ? ಮಲ ಕಪ್ಪಾಯಿತು ಅಂತ ಹೆದರಿ ಗುಳಿಗೆ ಬಿಟ್ಟರೇ? ಕಬ್ಬಿಣದ ಗುಳಿಗೆಯಿಂದ ಮಲ ಕಪ್ಪಾಗುವುದು ಸಹಜ, ಅಪಾಯವಿಲ್ಲ. ಹೊಟ್ಟೆ ತೊಳಸಿದರೆ ಊಟದ ನಂತರ ನುಂಗಿರಿ. ಗುಳಿಗೆ ಜೊತೆ, ಊಟದ ಬೆನ್ನಿಗೇ ಚಹಾ ಬೇಡ. ಪಲ್ಲೆ, ಕಾಳಿನ ಮೇಲೆ ಲಿಂಬಿಹಣ್ಣು ಹಿಂಡಿದರೆ ಕಬ್ಬಿಣಾಂಶ ಚಲೋ ಮೈಗೆ ಹತ್ತುತ್ತದೆ.

ಒಂದು ಮಾತು ಮರೆಯಬೇಡ್ರಿ. ಶಿಬಿರದಲ್ಲಿ ರಕ್ತ ಪರೀಕ್ಷೆ ಮಾಡಿದರೆ ಹೆಸರನ್ನು ಮೈಕಿನಲ್ಲಿ ಓದಬಾರದು. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ, ಗರ್ಭಿಣಿಯಾದರೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಗರ್ಭಿಣಿಗೆ 7ಕ್ಕಿಂತ ಕಡಿಮೆ ಇದ್ದರೆ ತಡಮಾಡದೆ ಆಸ್ಪತ್ರೆಗೆ. ಪರೀಕ್ಷೆಯಲ್ಲಿ ಕಡಿಮೆ ಬಂದವರಲ್ಲಿ ಎಷ್ಟು ಮಂದಿ ಪ್ರಾಥಮಿಕ ಆರೋಗ್ಯ ಕೇಂದ್ರ ಮುಟ್ಟಿದರು, ಎಷ್ಟು ಮಂದಿಗೆ ಚಿಕಿತ್ಸೆ ಶುರುವಾಯಿತು ಎಂಬುದೂ ಶಿಬಿರದ ಅಳತೆಯೇ. ಪರೀಕ್ಷೆ ಮಾಡಿ ಕೈಬಿಟ್ಟರೆ ಹೆದರಿಕೆ ಒಂದೇ ಉಳಿಯುತ್ತದೆ.

ಮುಂದಿನ ವಾರದ ಸಭೆಯಲ್ಲಿ

ನಿಮ್ಮೂರಿಗೆ ಶಿಬಿರ ಬರುವ ಸುದ್ದಿ ಇದ್ದರೆ ಈಗಲೇ ಠರಾವು ಬರೆಯಿರಿ. ಒಂದೇ ವಿಷಯ ಆರಿಸಿರಿ. ಸಂಘದ ಇಬ್ಬರು ಸದಸ್ಯೆಯರು ಮತ್ತು ಇಬ್ಬರು ವಿದ್ಯಾರ್ಥಿಗಳು ಸೇರಿ ಎಲ್ಲ ಓಣಿಗಳಿಂದ 40 ಮನೆ ನೋಡಲಿ. ನಡಾವಳಿ ಪುಸ್ತಕದಲ್ಲಿ ನಾಲ್ಕು ಮನೆ ಗೆರೆ ಹಾಕಿರಿ: ಶಿಬಿರಕ್ಕೆ ಮೊದಲು, ಮುಗಿದ ದಿನ, ಆರು ವಾರಕ್ಕೆ, ಆರು ತಿಂಗಳಿಗೆ. ಶಿಬಿರದ ಅಧಿಕಾರಿಗಳಿಗೆ, "ಆರು ತಿಂಗಳಿಗೆ ಮತ್ತ ಒಮ್ಮೆ ಮಕ್ಕಳನ್ನ ಕರಕೊಂಡು ಬರ್ರಿ" ಅಂತ ಕೇಳಿರಿ. ಆ ನಾಲ್ಕು ಅಂಕಿ ಹಿಡಿದುಕೊಂಡು ಗ್ರಾಮಸಭೆಗೆ ಹೋದರೆ ಗುಳಿಗೆ, ನೀರು ಕೇಳುವಾಗ ನಿಮ್ಮ ಮಾತಿಗೆ ತೂಕ ಬರುತ್ತದೆ. ಮುಂದಿನ ಸಲ ವೇದಿಕೆ ಮೇಲೆ "ಹ್ಯಾಂಗಾತ್ರಿ?" ಅಂದಾಗ, "ಆರು ತಿಂಗಳ ಬಿಟ್ಟ ಹೇಳತೀವ್ರಿ" ಅಂತ ಧೈರ್ಯವಾಗಿ ಹೇಳಿರಿ.