ಪಕ್ಷಗಳಿಲ್ಲದ ಸದನದಲ್ಲಿ ಖರ್ಚಿನ ಲೆಕ್ಕ

ಕೆನಡಾದ ಉತ್ತರದಂಚಿನ ನಾರ್ತ್‌ವೆಸ್ಟ್ ಟೆರಿಟರೀಸ್ ಪ್ರದೇಶದ ಶಾಸನಸಭೆಯಲ್ಲಿ ರಾಜಕೀಯ ಪಕ್ಷಗಳೇ ಇಲ್ಲ. ಪಕ್ಷೇತರರಾಗಿ ಆರಿಸಿಬರುವ 19 ಸದಸ್ಯರು ತಮ್ಮೊಳಗಿಂದಲೇ ಸಭಾಧ್ಯಕ್ಷರನ್ನೂ ಮುಖ್ಯಮಂತ್ರಿಗೆ ಸಮನಾದ ಪ್ರೀಮಿಯರ್‌ರನ್ನೂ ಮಂತ್ರಿಗಳನ್ನೂ ಆರಿಸುವ ಈ ಪದ್ಧತಿಗೆ ಒಮ್ಮತದ ಸರ್ಕಾರವೆಂದು ಹೆಸರು. ಮಂತ್ರಿಗಳಲ್ಲದವರೇ ಬಹುಸಂಖ್ಯಾತರಾದುದರಿಂದ, ಇಡೀ ಸದನವೇ ಸಮಿತಿಯಾಗಿ ಕುಳಿತು ಆಯವ್ಯಯವನ್ನು ಇಲಾಖಾವಾರು ಪರಿಶೀಲಿಸುವಾಗ ಅವರೆತ್ತುವ ಪ್ರಶ್ನೆಗೆ, ನಮ್ಮ ವಿಧಾನಸಭೆಯ ವಿರೋಧಪಕ್ಷಕ್ಕೆ ಅಪರೂಪಕ್ಕೆ ಒದಗುವ ತೂಕವಿರುತ್ತದೆ.

ಭೂನಿರ್ವಹಣೆಯ ಖರ್ಚು ಇಲ್ಲಿ ಈಚಿನದು. ಸಾರ್ವಜನಿಕ ಭೂಮಿ, ನೀರು ಮತ್ತು ಖನಿಜಗಳ ಬಹುಪಾಲು ಆಡಳಿತ ಒಟ್ಟಾವದ ಒಕ್ಕೂಟ ಸರ್ಕಾರದ ಕೈಯಲ್ಲಿದ್ದು, 2014ರ ಏಪ್ರಿಲ್ 1ರಂದು ರಾಜಧಾನಿ ಯೆಲ್ಲೋನೈಫ್‌ಗೆ ಹಸ್ತಾಂತರವಾದಾಗ, ಅಧಿಕಾರದ ಹಿಂದೆಯೇ ಗುತ್ತಿಗೆ, ತಪಾಸಣೆಗಳ ಹೊಣೆಯೂ ಅದಕ್ಕೆ ಬೇಕಾದ ನೌಕರರ ಸಂಬಳವೂ ಬಂದವು.

ಆರೋಗ್ಯದ ಲೆಕ್ಕ ಇನ್ನೂ ಬಿಗಿಯಾದದ್ದು. ಸುಮಾರು 13 ಲಕ್ಷ ಚದರ ಕಿಲೋಮೀಟರ್ ಹರಡಿದ ನೆಲದಲ್ಲಿ ಐವತ್ತು ಸಾವಿರಕ್ಕೂ ಕಡಿಮೆ ಜನರಿದ್ದು, ಹಲವು ಊರುಗಳಿಗೆ ವರ್ಷವಿಡೀ ತೆರೆದಿರುವ ರಸ್ತೆಯೇ ಇಲ್ಲದಿರುವಾಗ, ರೋಗಿಯನ್ನು ಯೆಲ್ಲೋನೈಫ್‌ಗೆ, ಕೆಲವೊಮ್ಮೆ ದೂರದ ಎಡ್ಮಂಟನ್‌ಗೆ ವಿಮಾನದಲ್ಲಿ ಸಾಗಿಸುವ ವೆಚ್ಚವೂ ಆರೋಗ್ಯದ ಖರ್ಚಾಗುತ್ತದೆ. ಆದಾಯದ ದೊಡ್ಡ ಪಾಲು ಒಕ್ಕೂಟ ಸರ್ಕಾರದ ಅನುದಾನವಾಗಿರುವಲ್ಲಿ, ಖಾಲಿ ಹುದ್ದೆಗಳಿಗೆ ಖಾಸಗಿ ಏಜೆನ್ಸಿಗಳಿಂದ ದುಬಾರಿ ದಾದಿಯರನ್ನು ತರಿಸುವುದೇಕೆಂದು ಶಾಸಕರು ಕೇಳುವುದು ಸಹಜವೇ.