ಹೆಬ್ಬಾತಿನ ಮೊಟ್ಟೆಗೆ ಕಾವು: ಬಿಸಿ ಒಂದೇ ಸಾಲದು, ತೂಕವೂ ಇಳಿಯಬೇಕು

ಇವತ್ತಿನ ಸಂಚಿಕೆಯಲ್ಲಿ ನಾನು ಮಾತಾಡ್ತಿರೋದು ಹೆಬ್ಬಾತಿನ ಮೊಟ್ಟೆಯನ್ನ ಮನೆಯಲ್ಲೇ ಮರಿ ಮಾಡಿಸೋದರ ಬಗ್ಗೆ. ತೋಟದ ಮನೆಗಳ ಗೇಟಿನ ಹತ್ತಿರ ಕತ್ತು ಚಾಚಿಕೊಂಡು, ಹೊಸಬರನ್ನ ಕಂಡರೆ ಕಿರುಚುತ್ತಾ ಅಟ್ಟಿಸಿಕೊಂಡು ಬರುತ್ತಲ್ಲ, ಆ ದೊಡ್ಡ ಹಕ್ಕಿ. ನಮ್ಮಲ್ಲಿ ಬಹಳ ಜನ ಇದನ್ನೂ ಬಾತುಕೋಳಿ ಅಂತಲೇ ಕರೀತಾರೆ, ಕೆಲವರು ಹಂಸ ಅಂತಾರೆ.

ಇದನ್ನ ಸಾಕೋರ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಕೋಳಿ ಮೊಟ್ಟೆ ಇಟ್ಟರೆ ಅದೇ ಇನ್‌ಕ್ಯುಬೇಟರ್‌ನಲ್ಲಿ ಮರಿ ಆಗುತ್ತೆ. ಹೆಬ್ಬಾತಿನ ಮೊಟ್ಟೆ ಇಟ್ಟರೆ ಕೊನೇ ವಾರದವರೆಗೂ ಎಲ್ಲ ಸರಿ ಇರುತ್ತೆ, ಆಮೇಲೆ ಮರಿ ಚಿಪ್ಪಿನೊಳಗೇ ಸತ್ತು ಹೋಗುತ್ತೆ. ಯಾಕೆ? ಹೆಬ್ಬಾತು ಕೋಳಿ ಹಾಗೆ ವರ್ಷವಿಡೀ ಮೊಟ್ಟೆ ಇಡಲ್ಲ, ಕೆಲವೇ ತಿಂಗಳು ಇಡುತ್ತೆ. ಒಂದು ಸಲ ಕೆಟ್ಟರೆ ಎಷ್ಟೋ ಸಲ ಆ ವರ್ಷದ ಅವಕಾಶವೇ ಹೋದ ಹಾಗೆ.

ಕಾರಣ ಏನಂದ್ರೆ, ಹೆಬ್ಬಾತಿನ ಮೊಟ್ಟೆ ದೊಡ್ಡ ಸೈಜಿನ ಕೋಳಿ ಮೊಟ್ಟೆ ಅಲ್ಲ. ಅದರ ಲೆಕ್ಕಾಚಾರವೇ ಬೇರೆ.

ಕೋಳಿ ಮೊಟ್ಟೆ 50–60 ಗ್ರಾಂ ತೂಗಿದ್ರೆ, ಹೆಬ್ಬಾತಿನದ್ದು ಸಾಮಾನ್ಯವಾಗಿ 140 ಗ್ರಾಂ ಮೇಲೆಯೇ. ಕೋಳಿ ಮರಿಗೆ 21 ದಿನ ಸಾಕು. ಕೊಕ್ಕಿನ ಬುಡದಲ್ಲಿ ಗಂಟು ಇರುವ ಚೀನಾ ತಳಿಯ ಹೆಬ್ಬಾತಿಗೆ ಸುಮಾರು 30 ದಿನ ಬೇಕು, ಭಾರೀ ಗಾತ್ರದ ತಳಿಗಳಿಗೆ ಇನ್ನೂ ಮೂರು ನಾಲ್ಕು ದಿನ ಹೆಚ್ಚು.

ಮೊದಲು ಮೊಟ್ಟೆ ಆಯ್ಕೆ. ಗಂಡಿನ ಜೊತೆ ಇರುವ ಹೆಣ್ಣಿನ ಮೊಟ್ಟೆಯೇ ಆಗಬೇಕು. ಬಿರುಕು ಇರಬಾರದು, ತೀರಾ ಕೊಳಕಾಗಿಯೂ ಇರಬಾರದು. ನೀರಲ್ಲಿ ತೊಳೆಯೋದು ಬೇಡ, ಚಿಪ್ಪಿನ ಮೇಲಿರೋ ರಕ್ಷಣೆಯ ಪದರ ಹೋಗುತ್ತೆ. ಒಂದೊಂದೇ ಮೊಟ್ಟೆ ಕೂಡಿಸ್ತಾ ಇದ್ರೆ ತಂಪಾದ ಜಾಗದಲ್ಲಿಡಿ. 13ರಿಂದ 16 ಡಿಗ್ರಿ ಇದ್ದರೆ ಒಳ್ಳೇದು, ಫ್ರಿಜ್ ಬೇಡ. ದಿನಕ್ಕೊಮ್ಮೆ ತಿರುಗಿಸಿ, ಒಂದು ವಾರದೊಳಗೆ ಎಲ್ಲವನ್ನೂ ಒಟ್ಟಿಗೆ ಕಾವಿಗೆ ಇಡಿ. ವಾರ ದಾಟಿದ ಹಾಗೆ ಮರಿಯಾಗುವ ಸಾಧ್ಯತೆ ಇಳಿಯುತ್ತಾ ಹೋಗುತ್ತೆ.

ಫ್ಯಾನ್ ಇರೋ ಇನ್‌ಕ್ಯುಬೇಟರ್ ಆದ್ರೆ 37.5 ಡಿಗ್ರಿ ಸೆಲ್ಸಿಯಸ್. ಫ್ಯಾನ್ ಇಲ್ಲದ ಥರ್ಮೊಕೋಲ್ ಪೆಟ್ಟಿಗೆ ಆದ್ರೆ ಮೇಲೆ ಬಿಸಿ, ಕೆಳಗೆ ತಂಪು. ಹಾಗಾಗಿ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಥರ್ಮಾಮೀಟರ್ ಇಟ್ಟು 38ರ ಆಸುಪಾಸು ನೋಡ್ಕೊಳ್ಳಿ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆಯವರು ಒಂದು ವಿಷಯ ಗಮನಿಸಬೇಕು. ಕೋಣೆಯೇ 40 ಡಿಗ್ರಿ ಮುಟ್ಟಿದ್ರೆ ಥರ್ಮೋಸ್ಟಾಟ್ ಬಲ್ಬನ್ನ ಆರಿಸಬಹುದು ಅಷ್ಟೇ, ಪೆಟ್ಟಿಗೆಯನ್ನ ತಣ್ಣಗೆ ಮಾಡೋಕೆ ಅದಕ್ಕೆ ಬರಲ್ಲ. ಸ್ವಲ್ಪ ಹೊತ್ತು ಕರೆಂಟ್ ಹೋಗಿ ತಂಪಾದ್ರೆ ಮರಿ ತಡ್ಕೊಳ್ಳುತ್ತೆ, ಅತಿಯಾದ ಬಿಸಿಯನ್ನ ತಡ್ಕೊಳ್ಳೋದು ಕಷ್ಟ. ಮನೆಯಲ್ಲಿ ಅತಿ ತಂಪಾದ ಕೋಣೆಯನ್ನೇ ಆರಿಸ್ಕೊಳ್ಳಿ.

ಮೊಟ್ಟೆಯನ್ನ ಅಡ್ಡಡ್ಡ ಮಲಗಿಸಬೇಕು. ಕೋಳಿ ಮೊಟ್ಟೆಗೆ ಮಾಡಿದ ಟ್ರೇ ಇದಕ್ಕೆ ಆಗಲ್ಲ, ಕೈಯಲ್ಲೇ ತಿರುಗಿಸಬೇಕಾಗುತ್ತೆ. ಪೆನ್ಸಿಲ್‌ನಲ್ಲಿ ಒಂದು ಕಡೆ ಗುಣಿಸು ಚಿಹ್ನೆ, ಇನ್ನೊಂದು ಕಡೆ ಸೊನ್ನೆ ಹಾಕಿ. ದಿನಕ್ಕೆ ಮೂರು ಅಥವಾ ಐದು ಸಲ ಅರ್ಧ ಸುತ್ತು ತಿರುಗಿಸಿ. ಬೆಸ ಸಂಖ್ಯೆ ಯಾಕಂದ್ರೆ, ಹಾಗೆ ಮಾಡಿದ್ರೆ ರಾತ್ರಿಯ ಉದ್ದನೆಯ ಹೊತ್ತನ್ನ ಮೊಟ್ಟೆ ಪ್ರತಿದಿನ ಒಂದೇ ಮಗ್ಗುಲಲ್ಲಿ ಕಳೆಯಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಕಾವಿನ ಉದ್ದಕ್ಕೂ ಅವುಗಳ ಮೂಲಕ ನೀರು ಆವಿಯಾಗಿ ಹೊರಗೆ ಹೋಗ್ತಾ ಇರಬೇಕು. ಹಾಗೆ ಖಾಲಿಯಾದ ಜಾಗದಲ್ಲಿ, ಮೊಟ್ಟೆಯ ದಪ್ಪ ತುದಿಯಲ್ಲಿ, ಗಾಳಿಕೋಶ ಬೆಳೆಯುತ್ತೆ. ಮರಿ ಚಿಪ್ಪು ಒಡೆಯೋ ಮೊದಲು ಕೊಕ್ಕನ್ನ ಈ ಗಾಳಿಕೋಶಕ್ಕೆ ತೂರಿಸಿ ತನ್ನ ಮೊದಲ ಉಸಿರು ತಗೊಳ್ಳುತ್ತೆ. ನೀರು ಸಾಕಷ್ಟು ಹೋಗದಿದ್ರೆ ಗಾಳಿಗೆ ಜಾಗ ಇಲ್ಲ, ಮರಿ ಊದಿಕೊಂಡಿರುತ್ತೆ, ತಿರುಗೋಕೂ ಆಗದೆ ಸಾಯುತ್ತೆ. ಅತಿಯಾಗಿ ಹೋದ್ರೆ ಒಳಪೊರೆ ಒಣಗಿ ಮೈಗೆ ಅಂಟಿಕೊಳ್ಳುತ್ತೆ. ಕೊನೇ ವಾರ ಚಿಪ್ಪಿನೊಳಗೇ ಸತ್ತ ಮರಿಗಳಲ್ಲಿ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಎಷ್ಟು ನೀರು ಹೋಗಬೇಕು? ಮೊಟ್ಟೆಯ ತೂಕದಲ್ಲಿ ಸುಮಾರು ಶೇ 14ರಷ್ಟು. 150 ಗ್ರಾಂ ಮೊಟ್ಟೆ ಇಟ್ಟಿದ್ರೆ 28ನೇ ದಿನದ ಹೊತ್ತಿಗೆ 129 ಗ್ರಾಂ ಆಗಿರಬೇಕು. ಅಂದ್ರೆ ವಾರಕ್ಕೆ ಐದು ಗ್ರಾಂ ಚಿಲ್ಲರೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಪ್ರತಿ ಮೊಟ್ಟೆಯ ಮೇಲೂ ತೂಕ ಬರೆದಿಡಿ, ವಾರಕ್ಕೊಮ್ಮೆ ತೂಗಿ. ಏಳನೇ ದಿನ 145, ಹದಿನಾಲ್ಕನೇ ದಿನ 139–140, ಇಪ್ಪತ್ತೊಂದನೇ ದಿನ 134ರ ಹತ್ತಿರ ಇದ್ರೆ ದಾರಿ ಸರಿ ಇದೆ. ತೂಕ ಇಳೀತಾ ಇಲ್ಲ ಅಂದ್ರೆ ಪೆಟ್ಟಿಗೆಯ ನೀರಿನ ತಟ್ಟೆ ಚಿಕ್ಕದು ಮಾಡಿ. ಬೇಗ ಇಳೀತಿದ್ರೆ ದೊಡ್ಡದು ಮಾಡಿ.

ಪುಸ್ತಕಗಳಲ್ಲಿ ತೇವಾಂಶ ಶೇ 50ರಿಂದ 55 ಇರಲಿ ಅಂತ ಬರೆದಿರುತ್ತೆ. ಆದ್ರೆ ತಟ್ಟೆಯಲ್ಲಿ ಎಷ್ಟು ನೀರಿಡಬೇಕು ಅನ್ನೋದು ಊರಿಂದ ಊರಿಗೆ ಬದಲಾಗುತ್ತೆ. ಮಂಗಳೂರಿನ ಮಳೆಗಾಲದಲ್ಲಿ ಹೊರಗೆ 27 ಡಿಗ್ರಿ, ತೇವಾಂಶ ಶೇ 90 ಇದೆ ಅಂದುಕೊಳ್ಳಿ. ಅದೇ ಗಾಳಿ ಪೆಟ್ಟಿಗೆಯೊಳಗೆ 37.5ಕ್ಕೆ ಕಾದಾಗ ತೇವಾಂಶ ಸುಮಾರು ಶೇ 50ಕ್ಕೆ ಇಳಿಯುತ್ತೆ. ಅಂದ್ರೆ ನೀರಿನ ತಟ್ಟೆಯೇ ಬೇಕಾಗಲಿಕ್ಕಿಲ್ಲ! ಬಯಲುಸೀಮೆಯ ಏಪ್ರಿಲ್‌ನಲ್ಲಿ 35 ಡಿಗ್ರಿ, ಶೇ 25ರ ಗಾಳಿ ಒಳಗೆ ಹೋದ್ರೆ ಶೇ 22ರ ಹತ್ತಿರಕ್ಕೆ ಬರುತ್ತೆ. ಅಲ್ಲಿ ಎರಡು ತಟ್ಟೆ ಇಟ್ಟರೂ ಸಾಲದೇ ಇರಬಹುದು. ಅದಕ್ಕೇ ನಾನು ಹೇಳೋದು, ತೇವಾಂಶದ ಮೀಟರ್‌ಗಿಂತ ತಕ್ಕಡಿಯನ್ನ ನಂಬಿ.

ಇನ್ನೊಂದು ವ್ಯತ್ಯಾಸ ತಂಪು ಮಾಡೋದು. ತಾಯಿ ಹೆಬ್ಬಾತು ಎದೆಯ ತುಪ್ಪಳ ಕಿತ್ತು ಗೂಡಿಗೆ ಹಾಸುತ್ತೆ. ದಿನದಲ್ಲಿ ಸ್ವಲ್ಪ ಹೊತ್ತು ಎದ್ದು, ಮೊಟ್ಟೆಗೆ ಅದನ್ನೇ ಮುಚ್ಚಿ, ಮೇಯೋಕೆ, ನೀರಿಗಿಳಿಯೋಕೆ ಹೋಗುತ್ತೆ. ಒದ್ದೆ ಮೈಯಲ್ಲಿ ವಾಪಸ್ ಬಂದು ಕೂರುತ್ತೆ. ಮೊಟ್ಟೆ ದೊಡ್ಡದಾದಷ್ಟೂ ಒಳಗಿನ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಕಡಿಮೆ. ಅರ್ಧ ಅವಧಿ ದಾಟಿದ ಮೇಲೆ ಮರಿಯೇ ಶಾಖ ಹುಟ್ಟಿಸುತ್ತೆ, ಆ ಶಾಖ ಬೇಗ ಹೊರಗೆ ಹೋಗಲ್ಲ. ಹಾಗಾಗಿ ಎಂಟನೇ ದಿನದಿಂದ ದಿನಕ್ಕೊಮ್ಮೆ ಮುಚ್ಚಳ ತೆಗೆದು ಐದರಿಂದ ಹತ್ತು ನಿಮಿಷ ಬಿಡಿ. ಉಗುರುಬೆಚ್ಚಗಿನ ಶುದ್ಧ ನೀರನ್ನ ತೆಳ್ಳಗೆ ಸಿಂಪಡಿಸಿ, ಮತ್ತೆ ಮುಚ್ಚಿ.

ಹತ್ತನೇ ದಿನ ಕತ್ತಲ ಕೋಣೆಯಲ್ಲಿ ಟಾರ್ಚ್ ಹಿಡಿದು ನೋಡಿ. ಜೇಡರ ಬಲೆಯ ಹಾಗೆ ರಕ್ತನಾಳಗಳು ಕಂಡ್ರೆ ಮರಿ ಬೆಳೀತಿದೆ. ಪೂರ್ತಿ ತಿಳಿಯಾಗಿದ್ರೆ ಆ ಮೊಟ್ಟೆ ಫಲಿತವಲ್ಲ. ರಕ್ತದ ಉಂಗುರ ಮಾತ್ರ ಕಂಡ್ರೆ ಬೆಳವಣಿಗೆ ನಿಂತಿದೆ. ಅಂಥವನ್ನ ತೆಗೆದುಬಿಡಿ, ಕೊಳೆತು ಒಡೆದರೆ ಉಳಿದವಕ್ಕೂ ಸೋಂಕು.

ಯಂತ್ರ ಇಲ್ಲದವರು ಕಾವಿಗೆ ಬಂದ ಕೋಳಿಯನ್ನೂ ಕೂರಿಸಬಹುದು. ನಾಲ್ಕೈದು ಮೊಟ್ಟೆ ಸಾಕು. ಆದ್ರೆ ಇಷ್ಟು ಭಾರದ ಮೊಟ್ಟೆಯನ್ನ ಕೋಳಿ ಸರಿಯಾಗಿ ಹೊರಳಿಸಲಾರದು. ಅದು ಮೇಯೋಕೆ ಎದ್ದಾಗ ನೀವೇ ತಿರುಗಿಸಬೇಕು.

27ನೇ ದಿನದ ಹೊತ್ತಿಗೆ ತಿರುಗಿಸೋದು, ತಂಪು ಮಾಡೋದು ಎರಡನ್ನೂ ನಿಲ್ಲಿಸಿ. ತೇವಾಂಶ ಶೇ 75ಕ್ಕೆ ಏರಿಸಿ, ಮುಚ್ಚಳ ಮುಚ್ಚಿ. ಒಳಗಿಂದ ಕಿಚಕಿಚ ಕೇಳುತ್ತೆ, ಚಿಪ್ಪಿನ ಮೇಲೆ ನಕ್ಷತ್ರದ ಹಾಗೆ ಒಂದು ಬಿರುಕು ಬರುತ್ತೆ. ಆಮೇಲೆ ಗಂಟೆಗಟ್ಟಲೆ ಏನೂ ಆಗಲ್ಲ! ನಮಗೆ ಗಾಬರಿ, ಕೈ ಹಾಕೋಣ ಅನ್ಸುತ್ತೆ. ದಯವಿಟ್ಟು ಹಾಕಬೇಡಿ. ಆ ಹೊತ್ತಲ್ಲಿ ಉಳಿದ ಹಳದಿ ಭಾಗ ಮರಿಯ ಹೊಟ್ಟೆಯೊಳಗೆ ಸೇರ್ತಾ ಇರುತ್ತೆ, ಪೊರೆಯ ರಕ್ತನಾಳಗಳು ಬತ್ತುತ್ತಾ ಇರುತ್ತವೆ. ಈಗ ಚಿಪ್ಪು ಸುಲಿದ್ರೆ ರಕ್ತಸ್ರಾವವಾಗಿ ಸಾಯುತ್ತೆ. ಮೊದಲ ಬಿರುಕಿನಿಂದ ಹೊರಬರೋಕೆ 24ರಿಂದ 48 ಗಂಟೆ ಹಿಡಿಯೋದು ಸಹಜ. ಅದನ್ನೂ ಮೀರಿ, ಪೊರೆ ಒಣಗಿ ಗಟ್ಟಿಯಾಗಿದ್ರೆ ಮಾತ್ರ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಒದ್ದೆ ಮಾಡಿ, ಚಿಪ್ಪನ್ನ ಚೂರುಚೂರೇ ತೆಗೀಬಹುದು. ಒಂದು ಹನಿ ರಕ್ತ ಕಂಡರೂ ನಿಲ್ಲಿಸಿ.

ಹೊರಬಂದ ಮರಿ ಮೈ ಒಣಗುವವರೆಗೆ ಅಲ್ಲೇ ಇರಲಿ. ಹೊಟ್ಟೆಯಲ್ಲಿರೋ ಹಳದಿ ಮೊದಲ ದಿನಕ್ಕೆ ಸಾಕು. ಆಮೇಲೆ 32ರಿಂದ 35 ಡಿಗ್ರಿ ಬಿಸಿ ಇರೋ ಪೆಟ್ಟಿಗೆ, ವಾರ ವಾರ ಮೂರು ಡಿಗ್ರಿ ಇಳಿಸ್ತಾ ಹೋಗಿ. ನೆಲಕ್ಕೆ ನ್ಯೂಸ್‌ಪೇಪರ್ ಬೇಡ, ಕಾಲು ಜಾರಿ ಸೊಟ್ಟ ಆಗುತ್ತೆ. ಗೋಣಿತಾಟು ಹಾಸಿ. ಕೊಕ್ಕು ಪೂರ್ತಿ ಮುಳುಗುವಷ್ಟು ನೀರಿರಬೇಕು, ಆದ್ರೆ ಈಜೋಕೆ ಬಿಡಬೇಡಿ. ತಾಯಿ ಇಲ್ಲದ ಮರಿಯ ತುಪ್ಪಳ ನೀರು ಹೀರಿ ಚಳಿ ಹಿಡಿಯುತ್ತೆ. ಕೋಳಿ ಮರಿಗಿಂತ ಇವಕ್ಕೆ ನಯಾಸಿನ್ ಅನ್ನೋ ಬಿ ವಿಟಮಿನ್ ಹೆಚ್ಚು ಬೇಕು. ಕಡಿಮೆಯಾದ್ರೆ ಕಾಲು ಬಲ ಕಳ್ಕೊಳ್ಳುತ್ತೆ. ಬ್ರೂವರ್ಸ್ ಯೀಸ್ಟ್ ಆಹಾರದಲ್ಲಿ ಬೆರೆಸಬಹುದು, ಪ್ರಮಾಣವನ್ನ ಪಶುವೈದ್ಯರ ಹತ್ತಿರ ಕೇಳಿ.

ಒಂದೇ ಒಂದು ಮರಿ ಮಾಡಿಸಬೇಡಿ. ಆಸ್ಟ್ರಿಯಾದ ವಿಜ್ಞಾನಿ ಕೊನ್ರಾಡ್ ಲೊರೆನ್ಜ್ ಹೆಬ್ಬಾತಿನ ಮರಿಗಳನ್ನ ಗಮನಿಸಿ, ಅವು ಹುಟ್ಟಿದ ಮೇಲೆ ಮೊದಲು ಕಂಡ, ಓಡಾಡೋ ಜೀವವನ್ನೇ ತಾಯಿ ಅಂತ ಹಿಂಬಾಲಿಸ್ತವೆ ಅಂತ ವಿವರಿಸಿದ್ರು. 1973ರಲ್ಲಿ ನೊಬೆಲ್ ಪ್ರಶಸ್ತಿಯನ್ನ ಅವರು ಇನ್ನಿಬ್ಬರ ಜೊತೆ ಹಂಚಿಕೊಂಡ್ರು. ಒಂಟಿಯಾಗಿ ಹುಟ್ಟಿದ ಮರಿ ನಿಮ್ಮನ್ನೇ ತಾಯಿ ಅಂದುಕೊಳ್ಳುತ್ತೆ. ನೀವು ಕೆಲಸಕ್ಕೆ ಹೋದ್ರೆ ದಿನವಿಡೀ ಕೂಗುತ್ತೆ. ಹೆಬ್ಬಾತು 20 ವರ್ಷ ಬದುಕಬಲ್ಲ ಹಕ್ಕಿ. ಜಾಗ, ಹುಲ್ಲು, ಆ ಗದ್ದಲ ಸಹಿಸೋ ನೆರೆಹೊರೆ, ಇವೆಲ್ಲ ಇದೆಯಾ ಅಂತ ಮೊಟ್ಟೆ ಇಡೋ ಮುಂಚೆಯೇ ಯೋಚಿಸಿ. ಮೊಟ್ಟೆ, ಮರಿ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯೋದನ್ನ ಮಕ್ಕಳಿಗೂ ಹೇಳಿಕೊಡಿ.