ಕೀಲಿ ಬದಲಿಸಿದ ಹುಳು

ಬಿಟಿ ಹತ್ತಿ ಬಿತ್ತಿದರೂ ಕಾಯಿಯೊಳಗೆ ಗುಲಾಬಿ ಹುಳು ಬದುಕುವುದು ಹೇಗೆ? – ಓದುಗರೊಬ್ಬರು, ಶಹಾಪುರ

ಬಿಟಿ ಹತ್ತಿಗೆ ಸೇರಿಸಿರುವುದು ಒಂದು ಬ್ಯಾಕ್ಟೀರಿಯಾದ ಜೀನ್. ಅದರ ಮುಂದೆ ಹೂಕೋಸಿನ ವೈರಸ್ಸಿನಿಂದ ತಂದ 'ಸ್ವಿಚ್' ಇದೆ. ಹಾಗಾಗಿ ಜೀನ್ ಆರದೆ ಉರಿಯುವ ದೀಪದಂತೆ ಕೆಲಸ ಮಾಡುತ್ತಾ ವಿಷ ಪ್ರೋಟೀನು ತಯಾರಿಸುತ್ತಲೇ ಇರುತ್ತದೆ. ಹುಳು ತಿಂದಾಗ ಆ ಪ್ರೋಟೀನು ಅದರ ಕರುಳಿನ ಗೋಡೆಯ ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿಗೆ, ಕೀಲಿಗೆ ಕೀಲಿಕೈ ಹೊಂದಿದಂತೆ, ಅಂಟಿಕೊಳ್ಳಬೇಕು. ಆಮೇಲೆ ಕರುಳು ತೂತಾಗಿ ಹುಳು ಸಾಯುತ್ತದೆ.

ಕೆಲವು ಹುಳುಗಳ ಕ್ಯಾಡ್‌ಹೆರಿನ್ ಜೀನ್‌ನಲ್ಲಿ ರೂಪಾಂತರವಾಗಿ ಕೀಲಿಯೇ ಬದಲಾಗಿದೆ. ಬಿಟಿ ಈ ರೂಪಾಂತರವನ್ನು ಹುಟ್ಟಿಸಲಿಲ್ಲ, ಉಳಿದವನ್ನೆಲ್ಲ ಕೊಂದು ಇವುಗಳಿಗೆ ದಾರಿ ಬಿಟ್ಟಿತು, ಅಷ್ಟೇ. 2008ರಲ್ಲಿ ಗುಜರಾತಿನ ಅಮ್ರೇಲಿಯಲ್ಲಿ ಬಿಟಿಗೆ ಬಗ್ಗದ ಹುಳುಗಳು ಸಿಕ್ಕವು. ಒಂದರ ಬದಲು ಎರಡು ವಿಷ ಜೀನ್‌ಗಳನ್ನು ಸೇರಿಸಿದ ಬಿಟಿ ಹತ್ತಿಯೂ ಆಮೇಲೆ ಸೋತಿತು.

ಹಾಗಾಗಿ ಬಿಟಿಯನ್ನಷ್ಟೇ ನಂಬಿ ಕೂರದೆ, ಯಾದಗಿರಿ, ಸುರಪುರದ ಕಡೆಯವರೂ ಕೊನೆಯ ಬಾರಿ ಹತ್ತಿ ಬಿಡಿಸಿದ ಮೇಲೆ ಕಟ್ಟಿಗೆಯನ್ನು ಹೊಲದಲ್ಲಿ ನಿಲ್ಲಿಸಬೇಡಿ. ಅದರಲ್ಲಿ ಉಳಿದ ಕಾಯಿಗಳಲ್ಲೇ ಹುಳು ಮುಂದಿನ ಹಂಗಾಮು ಕಾಯುತ್ತದೆ.